ಸಾವಿತ್ರಕ್ಕನ ಪಾರ್ಟಿಗೆ ಗಿಣ್ಣು

ನನಗೆ ಅಡುಗೆ ಅಷ್ಟಾಗಿ ಬರುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಅಡುಗೆ ಬಾರದವರು ಲೋಕದಲ್ಲಿ ಎಷ್ಟೋ ಜನ ಇದ್ದಾರೆ. ಅನ್ನ ಸಾರು ಮಾಡಿಕೊಂಡು, ಉಪ್ಪಿನಕಾಯಿಯ ಸಹಾಯದಿಂದ ಮರ್ಯಾದೆಯಾಗಿ ಬದುಕಿದ್ದಾರೆ. ನನ್ನ ಕಷ್ಟವೇ ಬೇರೆ. ದಿನದ ಸಾರಿಗೆ ಹೆದರುವ ನಾನು, ನಾಲ್ಕು ಜನ ಮನೆಗೆ ಬರುತ್ತಾರೆಂದರೆ ಸಾಕು, ಎಲ್ಲಿಲ್ಲದ ಧೈರ್ಯ ಬಂದು, ಯಾರೂ ಕಂಡು ಕೇಳರಿಯದ ತಿಂಡಿಗೇ ಕೈಹಾಕುತ್ತೇನೆ. ಚನ್ನಗಿರಿಯಲ್ಲಿದ್ದ ನಮ್ಮವ್ವ ನನ್ನನ್ನು ನೌಕರಿಗೆ ಕಳಿಸುವಾಗ ಹೇಳಿದ್ದಳು: "ಬರ್ದಿರೋದನ್ನ ಮಾಡಾಕೆ ಹೋಗಬ್ಯಾಡ ವಿಮಲಿ. ಬರೋ ಉಪ್ಪಿಟ್ಟನ್ನೇ ಎರಡು ಸಲ ಮಾಡು." ಆ ಮಾತು ಕೇಳಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಹೊನ್ನಾಳಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಎಕ್ಸ್‌ಚೇಂಜು ಎಂದರೆ ಒಂದು ಹೆಂಚಿನ ಮನೆ, ಒಂದು ಬೋರ್ಡು, ಟ್ರಂಕ್ ಕಾಲ್‌ಗೆ ಬಂದವರು ಕೂತು ಬೇಸರ ಪಡಲು ಒಂದು ಬೆಂಚು. ಅಲ್ಲಿ ನನಗೆ ಕೆಲಸ ಕಲಿಸಿದವರು ಸಾವಿತ್ರಕ್ಕ. ನಲವತ್ತರ ಆಸುಪಾಸು, ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಯಲ್ಲಿದ್ದವರು. ಮೊದಲ ದಿನ ನಾನು ಗಾಬರಿಯಲ್ಲಿ ಅಡಿಕೆ ಮಂಡಿಯವರಿಗೆ ಹೆರಿಗೆ ಆಸ್ಪತ್ರೆಯನ್ನು ಜೋಡಿಸಿಕೊಟ್ಟು, ಮಂಡಿಯ ಯಜಮಾನರಿಗೆ ಹೆಣ್ಣುಮಗುವಾಯಿತೆಂಬ ಸುದ್ದಿ ತಲುಪಿದಾಗ, ಸಾವಿತ್ರಕ್ಕ ನನ್ನ ಕೈಯಿಂದ ವೈರು ತೆಗೆದುಕೊಂಡು ಎರಡೂ ಕಡೆಯವರ ಕ್ಷಮೆ ಕೇಳಿದರು. ತಪ್ಪು ತಮ್ಮದೇ ಎಂದರು. ಆಮೇಲೆ ನನಗೆ ಟೀ ತರಿಸಿಕೊಟ್ಟರು. ಊರಿನಲ್ಲಿ ಒಬ್ಬಳೇ ಬಾಡಿಗೆ ಕೋಣೆಯಲ್ಲಿದ್ದ ನನಗೆ ಅವರು ಅಕ್ಕನೂ ಹೌದು, ಅವ್ವನೂ ಹೌದು.

ಅಂಥ ಸಾವಿತ್ರಕ್ಕನಿಗೆ ಜಗಳೂರಿಗೆ ವರ್ಗವಾಯಿತು. ತಾವೇ ಕೇಳಿ ಹಾಕಿಸಿಕೊಂಡಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಅತ್ತುಕೊಂಡು, "ನಿಮಗೊಂದು ಪಾರ್ಟಿ ಕೊಡ್ತೀನಿ ಅಕ್ಕಾ" ಎಂದೆ. ಅವರು ನಕ್ಕರು. "ನಂಗೆಂಥ ಪಾರ್ಟಿನೇ? ಒಂದಿಷ್ಟು ಮಂಡಕ್ಕಿ, ನಾಕು ಮೆಣಸಿನಕಾಯಿ ಬಜ್ಜಿ ತರಿಸು. ಕೂತ್ಕಂಡು ಮಾತಾಡಾಣ."

ಆದರೆ ನನಗೆ ಮಂಡಕ್ಕಿ ಬೇಡವಾಗಿತ್ತು. ಯಾಕೆಂದರೆ ಆ ವಾರವೇ ನಾನು ಒಂದು ಪಾಕ ಕಲಿತಿದ್ದೆ. ಕಲಿತಿದ್ದೆ ಎನ್ನುವುದಕ್ಕಿಂತ, ಕದ್ದು ಕೇಳಿದ್ದೆ. ಲೈನು ಸರಿಯಾಗಿದೆಯೇ ಎಂದು ನೋಡಲು ಆಪರೇಟರುಗಳು ಒಂದು ಕ್ಷಣ ಕಿವಿಗೊಡಬೇಕು. ಆ ಕ್ಷಣ ನನ್ನ ಪಾಳಿಯಲ್ಲಿ ಸ್ವಲ್ಪ ಉದ್ದವಾಗುತ್ತಿತ್ತು. ಊರಿಗೆ ಹೊಸದಾಗಿ ಬಂದಿದ್ದ ಇಂಜಿನಿಯರರ ಹೆಂಡತಿ ಬೆಂಗಳೂರಿನ ತಂಗಿಗೆ ಹೇಳುತ್ತಿದ್ದರು: "ಒಂದು ತುಂಡು ಚೀಸು, ಒಂದು ತುಂಡು ಅನಾನಸ್. ಮೇಲೆ ಮೆಣಸಿನ ಪುಡಿ, ಒಂದು ಹನಿ ಜೇನು. ಕಡ್ಡಿಗೆ ಚುಚ್ಚಿಡೋದು ಅಷ್ಟೆ. ಬಂದೋರೆಲ್ಲ ಬಾಯಿ ಬಿಟ್ಕೊಂಡು ನೋಡ್ತಾರೆ!" ಸಿಹಿಯೂ ಹೌದು, ಖಾರವೂ ಹೌದು, ಪಾರ್ಟಿ ಎಂದರೆ ಇದು ಎನ್ನಿಸಿತು. ಒಂದೇ ತೊಡಕು. ಚೀಸು ಎಂದರೇನು? ಇಂಜಿನಿಯರರ ಹೆಂಡತಿಯನ್ನು ಕೇಳುವಂತಿರಲಿಲ್ಲ. ಏನೆಂದು ಕೇಳಲಿ, "ಅಮ್ಮಾ, ನೀವು ನಿನ್ನೆ ನಿಮ್ಮ ತಂಗಿಗೆ ಹೇಳಿದ್ದರಲ್ಲ" ಎಂದೇ?

ನನ್ನ ಕೋಣೆಯ ಪಕ್ಕದಲ್ಲೇ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಮಲ್ಲಪ್ಪನವರ ಮನೆ. ಕೇಳಿದ ಕೂಡಲೇ ಕನ್ನಡಕ ಹಾಕಿಕೊಂಡು, ದಪ್ಪ ನಿಘಂಟು ತೆಗೆದು, ಬೆರಳಿಟ್ಟು ಓದಿದರು: "ಚೀಸ್. ಗಿಣ್ಣು."

"ಗಿಣ್ಣಾ ಸರ್? ಎಮ್ಮೆ ಈದಾಗ ಮಾಡ್ತೀವಲ್ಲ, ಅದೇ ಗಿಣ್ಣಾ?"

"ಗಿಣ್ಣಿನಾಗೆ ಎಷ್ಟು ನಮೂನಿ ಐತಮ್ಮ? ನಿಘಂಟು ತಪ್ಪಾಗಾಕೆ ಸಾಧ್ಯಾನೇ ಇಲ್ಲ."

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಬೆಂಗಳೂರಿನವರು ಬಾಯಿ ಬಿಟ್ಟುಕೊಂಡು ನೋಡುವುದು ನಮ್ಮ ಗಿಣ್ಣನ್ನೇ! ಅದೃಷ್ಟ ನೋಡಿ, ನಮ್ಮ ಲೈನ್‌ಮನ್ ಹನುಮಂತಪ್ಪನ ಎಮ್ಮೆ ಸಾಸ್ವೆಹಳ್ಳಿಯಲ್ಲಿ ಅದೇ ವಾರ ಈಯಿತು. ಎರಡು ಚೊಂಬು ಗಿಣ್ಣುಹಾಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದ. ಬೆಲ್ಲ ಏಲಕ್ಕಿ ಇದೆಯೇ ಎಂದು ವಿಚಾರಿಸಿದ. ಬೆಲ್ಲ ಹಾಕುವುದಿಲ್ಲ, ಉಪ್ಪು ಮೆಣಸು ಹಾಕುತ್ತೇನೆ ಎಂದೆ. ಆ ಮನುಷ್ಯ ಚೊಂಬನ್ನು ತುಸು ಹಿಂದಕ್ಕೆ ಎಳೆದುಕೊಂಡ.

"ಗಿಣ್ಣಕ್ಕೆ ಉಪ್ಪಾ ಮೇಡಂ? ನಮ್ಮ ಎಮ್ಮೆ ಏನು ತಪ್ಪು ಮಾಡೈತ್ರಿ?"

"ಇದು ಬೆಂಗಳೂರಿನ ಪದ್ಧತಿ ಹನುಮಂತಪ್ಪ."

"ಹಂಗಾರೆ ಸರಿ ಬಿಡ್ರಿ," ಎಂದ, ಬೆಂಗಳೂರಿನ ಮೇಲೆ ಎಲ್ಲ ಭಾರ ಹಾಕಿ.

ಅನಾನಸ್ಸನ್ನು ಶಿವಮೊಗ್ಗದ ಬಸ್ಸಿನ ಕಂಡಕ್ಟರರ ಕೈಯಲ್ಲಿ ತರಿಸಿದೆ. ಜೇನು ಗ್ರಂಧಿಗೆ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ಕೆಮ್ಮು ಯಾರಿಗೆ ಎಂದು ಕೇಳಿದರು. ಚುಚ್ಚುವ ಕಡ್ಡಿಗಾಗಿ ಹೊಸ ತೆಂಗಿನ ಪೊರಕೆಯೊಂದನ್ನು ತಂದು ಬಿಚ್ಚಿ, ಕಡ್ಡಿಗಳನ್ನು ತೊಳೆದು ಒಣಗಿಸಿದೆ. ಪಾರ್ಟಿಯ ದಿನ ಮಧ್ಯಾಹ್ನ ಗಿಣ್ಣು ಬೇಯಿಸಿ, ಆರಿಸಿ, ಚೌಕವಾಗಿ ಕತ್ತರಿಸಿ, ಅನಾನಸ್ಸಿನ ಜೊತೆ ಚುಚ್ಚಿ ತಟ್ಟೆಯಲ್ಲಿ ಸಾಲಾಗಿ ನಿಲ್ಲಿಸಿದಾಗ ಅವು ಎಷ್ಟು ಚೆಂದ ಕಂಡವೆಂದರೆ, ನನ್ನ ಕೈಯೇ ಇದು ಎಂದು ಒಂದು ಸಲ ನೋಡಿಕೊಂಡೆ. ಮೇಲೆ ಬಟ್ಟೆ ಮುಚ್ಚಿ, ತಲೆ ಬಾಚಿಕೊಳ್ಳಲು ಹೋದೆ.

ಅನಾನಸ್ಸಿನ ರಸ ತಾಗಿದರೆ ಗಿಣ್ಣು ನೀರೊಡೆದು ಕಹಿಯಾಗುತ್ತದೆ ಎಂದು ನನಗೆ ಯಾರು ಹೇಳಬೇಕು? ನಿಘಂಟಿನಲ್ಲಂತೂ ಅದಿರಲಿಲ್ಲ. ಸಾಯಂಕಾಲ ಬಟ್ಟೆ ತೆಗೆದು ನೋಡಿದರೆ ಕಡ್ಡಿಗಳೆಲ್ಲ ಮಲಗಿದ್ದವು. ಗಿಣ್ಣು ಜಾರಿ ತಟ್ಟೆಗೆ ಇಳಿದು, ಹಳದಿ ನೀರಿನಲ್ಲಿ ಮೆಣಸಿನ ಪುಡಿ ತೇಲುತ್ತಿತ್ತು. ನಾಲಿಗೆಗೆ ಹಚ್ಚಿದೆ, ಬೇವಿನ ಕಷಾಯವೇ ವಾಸಿ. ಅಷ್ಟರಲ್ಲಿ ಹೊರಗೆ ಚಪ್ಪಲಿ ಬಿಡುವ ಸದ್ದು. ಸಾವಿತ್ರಕ್ಕ, ಮಲ್ಲಪ್ಪ ಮೇಷ್ಟ್ರು, ಹನುಮಂತಪ್ಪ ಮೂವರೂ ಬಂದಿದ್ದರು. ಇನ್ನೊಂದು ಚೊಂಬಿನ ಹಾಲು ಉಳಿದಿತ್ತಲ್ಲ, ಮತ್ತೆ ಒಲೆ ಹಚ್ಚಿದೆ.

ಸಾವಿತ್ರಕ್ಕ ಆ ಸಂಜೆಯ ಬಸ್ಸಿಗೇ ಹೊರಡುವವರಿದ್ದರು. ದಾವಣಗೆರೆಯಲ್ಲಿ ಇಳಿದು ಜಗಳೂರಿನ ಬಸ್ಸು ಹಿಡಿಯಬೇಕಿತ್ತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಯಾವತ್ತೂ ಉಡದ ತಿಳಿಗುಲಾಬಿ ಸೀರೆ ಉಟ್ಟಿದ್ದರು.

"ಸಾಕು ಬಾರೆ ವಿಮಲಿ. ಏನಿದ್ರೂ ಆಗ್ತದೆ. ನಿಂಗೊಂದು ಮಾತು ಹೇಳಬೇಕು."

"ಒಂದೇ ನಿಮಿಷ ಅಕ್ಕಾ. ಇದೊಂದು ಗಟ್ಟಿಯಾಗಲಿ."

ಅವರು ಹೋದರು. ಗಿಣ್ಣು ಗಟ್ಟಿಯಾಗಲಿಲ್ಲ. ಬೆಂಕಿ ಜೋರು ಮಾಡಿದೆ. ಹೊರಗೆ ಮೇಷ್ಟ್ರು ಹನುಮಂತಪ್ಪನಿಗೆ ಇಂಗ್ಲಿಷ್ ಭಾಷೆಯ ಶಿಸ್ತನ್ನು ವಿವರಿಸುತ್ತಿರುವುದು ಕೇಳುತ್ತಿತ್ತು. ಸಾವಿತ್ರಕ್ಕ ಮತ್ತೆ ಬಂದರು. ಈ ಸಲ ಒಳಗೇ ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು, ದನಿ ತಗ್ಗಿಸಿ, "ಅವರ ಮುಂದೆ ಹೇಳೋ ಮಾತಲ್ಲ ಕಣೆ, ಇಲ್ಲೇ ಕೇಳು" ಎಂದರು.

"ಅಯ್ಯೋ ಅಕ್ಕಾ, ಈಗ ಕೈ ಬಿಟ್ಟರೆ ತಳ ಹಿಡಿಯುತ್ತೆ! ತಟ್ಟೆ ತಂದಮೇಲೆ ಆರಾಮಾಗಿ ಕೂತು ಕೇಳ್ತೀನಿ. ನೀವು ಹೋಗಿ ಕೂತ್ಕೊಳ್ಳಿ, ಪಾರ್ಟಿ ನಿಮ್ಮದೇ ಅಲ್ವಾ?"

ಕೈ ನನ್ನ ಹೆಗಲ ಮೇಲೆ ಇನ್ನೊಂದಿಷ್ಟು ಹೊತ್ತು ಇತ್ತು. ಆಮೇಲೆ ಇರಲಿಲ್ಲ.

ಕೊನೆಗೂ ನಾನು ತಟ್ಟೆ ಹಿಡಿದು ಹೊರಗೆ ಬಂದಾಗ ಅವರು ಚೀಲ ಹೆಗಲಿಗೇರಿಸಿ ನಿಂತಿದ್ದರು. ಬಸ್ಸಿನ ಹೊತ್ತಾಗಿತ್ತು. ನಿಂತೇ ಒಂದು ಕಡ್ಡಿ ತೆಗೆದುಕೊಂಡು, ಬಿಸಿ ಗಿಣ್ಣನ್ನೂ ಹುಳಿ ಅನಾನಸ್ಸನ್ನೂ ಒಟ್ಟಿಗೇ ಬಾಯಿಗೆ ಹಾಕಿಕೊಂಡು, ಕಣ್ಣಲ್ಲಿ ನೀರು ಬರುತ್ತಿದ್ದರೂ ಪೂರ್ತಿ ಅಗಿದು ನುಂಗಿದರು. "ಭಾಳ ಚೆನ್ನಾಗೈತೆ ಕಣೆ," ಎಂದರು. ಇಂಜಿನಿಯರರ ಹೆಂಡತಿ ಹೇಳಿದ್ದು ಸುಳ್ಳಲ್ಲ, ಮೇಷ್ಟ್ರೂ ಹನುಮಂತಪ್ಪನೂ ನಿಜಕ್ಕೂ ಬಾಯಿ ಬಿಟ್ಟುಕೊಂಡೇ ನೋಡುತ್ತಿದ್ದರು. ಬಸ್‌ಸ್ಟ್ಯಾಂಡಿನವರೆಗೂ ಓಡುತ್ತಲೇ ಹೋದೆವು. ಕಿಟಕಿಯ ಹತ್ತಿರ ನಿಂತು, "ಏನೋ ಹೇಳಬೇಕು ಅಂದಿದ್ರಲ್ಲ ಅಕ್ಕಾ?" ಎಂದು ಕೂಗಿದೆ. ಬಸ್ಸಿನ ತುಂಬ ಊರಿನವರಿದ್ದರು. ಅವರು ಸುಮ್ಮನೆ ಕೈ ಬೀಸಿದರು.

ಆಮೇಲೆ ಕೆಲವೊಮ್ಮೆ ಲೈನಿನಲ್ಲಿ ಸಿಗುತ್ತಿದ್ದರು. "ಹೊನ್ನಾಳಿ, ಜಗಳೂರು ಮಾತಾಡ್ತಿರೋದು" ಎಂಬ ದನಿ ಕೇಳಿದರೆ ನನಗೆ ಆ ದಿನವೇ ಹಬ್ಬ. ಆವತ್ತು ಹೇಳಬೇಕೆಂದಿದ್ದು ಏನೆಂದು ಕೇಳಿದರೆ, "ಮರ್ತೇ ಹೋಯ್ತು ಬಿಡೆ" ಎನ್ನುತ್ತಿದ್ದರು. ನಾನು ನಂಬಿದೆ. ಒಂದು ಬೆಳಗ್ಗೆ ಬೋರ್ಡಿನಲ್ಲಿ ಕೂತು ಜಗಳೂರನ್ನು ಹಿಡಿದು, ಸಾವಿತ್ರಮ್ಮನವರನ್ನು ಕೊಡಿ ಎಂದೆ. ಯಾರೋ ಗಂಡಸಿನ ದನಿ.

"ಅವರು ಇವತ್ತು ರಜಾ ರೀ. ಮದುವೆ ಐತೆ."

"ಯಾರದು ಮದುವೆ?"

"ಯಾರದು ಅಂದ್ರೇನ್ರೀ? ಅವರದೇ."

ಎದುರಿಗೆ ಬೋರ್ಡಿನ ತುಂಬ ಕರೆಗಳು ಬೀಳುತ್ತಿದ್ದವು. ಪಾಳಿ ಬಿಟ್ಟು ಏಳುವಂತಿರಲಿಲ್ಲ. ಎದ್ದರೂ ಎರಡು ಬಸ್ಸು ಹಿಡಿದು ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ತಾಲ್ಲೂಕಿನ ಜನ ಯಾರ್‍ಯಾರಿಗೋ ಹೇಳಿಕೊಳ್ಳುವುದನ್ನೆಲ್ಲ ಕರೆಯದಿದ್ದರೂ ಹೋಗಿ ಕೇಳಿದವಳು ನಾನು. ನನಗೇ ಎಂದು ತಂದ ಒಂದು ಮಾತಿಗೆ ನನ್ನ ಕಿವಿ ಇರಲಿಲ್ಲ. ಆ ದಿನ ನಾನು ಜೋಡಿಸಿದ ಕರೆಗಳಲ್ಲಿ ಎಷ್ಟು ಸರಿಯಾಗಿ ಸೇರಿದವೋ ದೇವರಿಗೇ ಗೊತ್ತು.

ಮುಂದಿನ ಭಾನುವಾರ ಜಗಳೂರಿಗೆ ಹೋದೆ. ಬಾಗಿಲು ತೆಗೆದವರನ್ನು ನೋಡಿ ಇನ್ನೊಂದು ಏಟು. ನ್ಯಾಮತಿಯಲ್ಲಿ ಮೇಷ್ಟ್ರಾಗಿದ್ದವರು, ಅಲ್ಲಿನ ಲೈನು ಕೆಟ್ಟಾಗಲೆಲ್ಲ ಹೊನ್ನಾಳಿಗೆ ಬಂದು, ಜಗಳೂರಿನ ತಾಯಿಯ ಆರೋಗ್ಯ ವಿಚಾರಿಸಲು ನಮ್ಮ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾಯುತ್ತಿದ್ದವರು. ನನ್ನ ಕಣ್ಣೆದುರೇ ಎರಡು ವರ್ಷ ಕೂತಿದ್ದರು. ನಾನು ಅವರನ್ನು ಬೆಂಚಿನ ಭಾಗವೆಂದೇ ತಿಳಿದಿದ್ದೆ.

ಸಾವಿತ್ರಕ್ಕ ಮದುವೆಯ ಫೋಟೋ ತೋರಿಸಿದರು. ಅದೇ ತಿಳಿಗುಲಾಬಿ ಸೀರೆ. ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದು ನಿಂತವಳು ಯಾರೋ ಗುರುತಿಲ್ಲದ ಹುಡುಗಿ.

"ನಮ್ಮ ಬೋರ್ಡಿನ ಹುಡುಗಿ. ಅಣ್ಣನ ಮನೆಯೋರು ಬರೋದಿಲ್ಲ ಅಂತ ಗೊತ್ತಿತ್ತು. ನನ್ನ ಕಡೆ ಅಂತ ಒಬ್ಬರು ಬೇಕಲ್ಲ, ಅದನ್ನೇ ಕರ್ಕಂಡು ಹೋದೆ."

"ನಂಗ್ಯಾಕೆ ಹೇಳಲಿಲ್ಲ ಅಕ್ಕಾ?"

"ಹೇಳಾಕೆ ಬಂದಿದ್ನಲ್ಲೇ, ಎರಡು ಸಲ. ಬೆವತು ಒಲೆ ಮುಂದೆ ಕೂತಿದ್ದೆ ನೀನು, ಪಾಪ." ಅದರಲ್ಲಿ ಆಕ್ಷೇಪಣೆ ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಆಮೇಲೆ ಲೈನಿನಾಗೆ ಹೇಳಾಣ ಅಂದ್ರೆ, ಅಲ್ಲಿ ಹೇಳಿದ್ದು ನಿಂಗೊಬ್ಬಳಿಗೇ ಹೇಳಿದಂಗೆ ಆಗ್ತಿತ್ತೇನೆ?"

ನ್ಯಾಮತಿ ಮೇಷ್ಟ್ರು ಟೀ ತಂದಿಟ್ಟು ಎದುರಿಗೆ ಕೂತರು. "ನೀವು ಏನೋ ಗಿಣ್ಣದ ತಿಂಡಿ ಮಾಡಿದ್ರಂತಲ್ರೀ? ಅಂಥದ್ದು ಹುಟ್ಟಿದಾಗಿಂದ ತಿಂದಿಲ್ಲ ಅಂತಾಳೆ ಈಕೆ. ಹೆಂಗೆ ಮಾಡೋದು, ಸ್ವಲ್ಪ ಹೇಳ್ರಿ."

ಸಾವಿತ್ರಕ್ಕ ಟೀ ಬಸಿಯೊಳಗೆ ಮುಖವಿಟ್ಟು ನಗುತ್ತಿದ್ದರು. ನನ್ನನ್ನು ಒಂದು ಪಾಕ ಕೇಳಿದವರು ಜೀವಮಾನದಲ್ಲಿ ಅವರೊಬ್ಬರೇ. ಗಿಣ್ಣುಹಾಲಿನಿಂದ ಪೊರಕೆ ಕಡ್ಡಿಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಶಾಲೆಯ ಮಕ್ಕಳಂತೆ ಗಮನವಿಟ್ಟು ಕೇಳಿದರು.

"ಎಷ್ಟು ಹೊತ್ತು ಹಿಡೀತದ್ರೀ?"

"ಒಂದು ಸಾಯಂಕಾಲ ಪೂರ್ತಿ ಸರ್," ಎಂದೆ. "ಆದರೆ ನಡುವೆ ಯಾರಾದರೂ ಕರೆದರೆ ಎದ್ದು ಹೋಗಿಬಿಡಿ. ತಳ ಹಿಡಿದರೆ ಹಿಡಿಯಲಿ."

ಅದನ್ನೂ ಪಾಕದ ಒಂದು ಹಂತವೆಂದೇ ತಿಳಿದು ಅವರು ತಲೆಯಾಡಿಸಿದರು.