ನೀರು ಆಗದ ಕೈ ಮತ್ತು ಕಾರಿನ ಗ್ರಿಲ್

ನನ್ನ ಕೈಗೆ ನೀರು ಆಗಿಬರುವುದಿಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನೆನೆದರೆ ಬೆರಳ ಸಂದಿಯಲ್ಲಿ ತುರಿಕೆ ಎದ್ದು ಪ್ರಾಣ ಹೋಗುವಷ್ಟು ಸಂಕಟವಾಗುತ್ತದೆ. ಈ ಸಂಗತಿಯನ್ನು ಮದುವೆಯಾದ ಹೊಸದರಲ್ಲೇ, ಸಿಂಕಿನ ಮುಂದೆ ನಿಂತು, ಹೆಂಡತಿಗೆ ಬಹಳ ದುಃಖದಿಂದ ತಿಳಿಸಿದ್ದೆ. ಪಾಪ, ಅವಳು ನಂಬಿದಳು. ಹನ್ನೊಂದು ವರ್ಷದಿಂದ ಪಾತ್ರೆ ತೊಳೆಯುವ ಘನಕಾರ್ಯದಿಂದ ನನಗೆ ಸಂಪೂರ್ಣ ವಿನಾಯಿತಿ. (ತುರಿಕೆ ನಿಜವೇ ಎಂದು ಕೇಳಬೇಡಿ. ನಿಮ್ಮ ಮನೆಯಲ್ಲೂ ಸಿಂಕ್ ಇರುತ್ತದೆ, ಅರ್ಥ ಮಾಡಿಕೊಳ್ಳಿ.)

ಇಂಥ ಸುಖವನ್ನು ನಾನು ಪಣಕ್ಕಿಟ್ಟದ್ದು ನಮ್ಮ ಹಳೆಯ ಕಾರಿನ ಮುಂದಿನ ಗ್ರಿಲ್ಲಿಗಾಗಿ. ಅದರ ಕಪ್ಪು ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದು ಹೋಗಿತ್ತು. ನನ್ನ ಭಾವಮೈದುನ ಬಂದಾಗಲೆಲ್ಲ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಭಾವ, ನಿಮ್ಮ ಕಾರಿಗೆ ಹುಳುಕು ಹಲ್ಲು" ಎನ್ನುತ್ತಿದ್ದ. ಹೋದ ವಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. "ಗ್ಯಾರೇಜಿಗೆ ಕೊಟ್ಟುಬಿಡಿ ಭಾವ. ಇದೆಲ್ಲ ನಿಮ್ಮ ಕೈಲಾಗೋ ಕೆಲಸ ಅಲ್ಲ."

ನನ್ನ ಪೌರುಷ ಕೆರಳಿತು. "ಬರೋ ಭಾನುವಾರ ಬಾ, ನೋಡ್ತೀಯಂತೆ!" ಎಂದುಬಿಟ್ಟೆ.

ಶನಿವಾರ ಬೆಳಿಗ್ಗೆ ಬಣ್ಣದಂಗಡಿಯವನು ನನ್ನ ಮುಂದೆ ತಳಬಣ್ಣದ ಪ್ರೈಮರ್, ಕಪ್ಪು ಬಣ್ಣದ ಸ್ಪ್ರೇ ಡಬ್ಬಿ ಮತ್ತು ವಾಟರ್ ಪೇಪರ್ ಎಂಬ ಎರಡು ಬಗೆಯ ಉಪ್ಪುಕಾಗದ ಇಟ್ಟ.

"ನೀರಿಲ್ಲದೆ ಉಜ್ಜಬೇಡಿ ಸಾರ್, ಗೀರು ಬೀಳುತ್ತೆ. ನೀರಲ್ಲಿ ಅದ್ದಿ ಅದ್ದಿ ಉಜ್ಜಬೇಕು."

"ಎಷ್ಟು ಹೊತ್ತು?"

"ಕೈಗೆ ನುಣುಪು ಸಿಗೋವರೆಗೂ. ಪ್ರೈಮರ್ ಹೊಡೆದ ಮೇಲೆ ಇನ್ನೊಂದು ಸಲ."

ಅಷ್ಟು ಹೊತ್ತು ನೀರಲ್ಲಿ ಕೈಯಾಡಿಸುವುದು ಹೆಂಡತಿಯ ಕಣ್ಣಿಗೆ ಬಿದ್ದರೆ ಹನ್ನೊಂದು ವರ್ಷದ ವಿನಾಯಿತಿ ಅಂದಿಗೇ ರದ್ದು! ಆದ್ದರಿಂದ ಅವಳಿಗೆ, "ಬಣ್ಣ ಹೊಡೆಯೋದು ಅಂದ್ರೆ ಬರೀ ಒಣ ಕೆಲಸ ಕಣೇ" ಎಂದು ಹೇಳಿ, ಕಳಚಿದ ಗ್ರಿಲ್ಲನ್ನು ಟವೆಲಿನಲ್ಲಿ ಸುತ್ತಿಕೊಂಡು, ಬಚ್ಚಲುಮನೆ ಸೇರಿ ಚಿಲಕ ಹಾಕಿಕೊಂಡೆ.

ಒಂದು ಗಂಟೆ ಕಳೆದ ಮೇಲೆ ಬಾಗಿಲು ಬಡಿದ ಸದ್ದು.

"ರೀ, ಏನ್ ಮಾಡ್ತಿದ್ದೀರಿ ಒಳಗೆ?"

"ಸ್ನಾನ."

"ಬೆಳಿಗ್ಗೆ ಆಯ್ತಲ್ಲ?"

"ಸೆಕೆ ಕಣೇ!"

"ಅದೇನದು ಪರಪರ ಸದ್ದು?"

"ಬೆನ್ನು ಉಜ್ಕೊಳ್ತಿದ್ದೀನಿ."

"ಒಂದು ಗಂಟೆಯಿಂದಾನಾ? ಚರ್ಮ ಉಳಿದಿದೆಯೋ ಇಲ್ವೋ? ಅಯ್ಯೋ, ನಿಮ್ಮ ಕೈ ಗತಿ ಏನ್ರೀ?"

"ಕೈ ಮೇಲೆತ್ಕೊಂಡೇ ಮಾಡ್ತಿದ್ದೀನಿ!"

(ಕೈ ಮೇಲೆತ್ತಿಕೊಂಡು ಬೆನ್ನು ಉಜ್ಜಿಕೊಳ್ಳುವ ವಿಧಾನವನ್ನು ಅವಳು ಕೇಳಲಿಲ್ಲ. ದೇವರು ದೊಡ್ಡವನು.)

ಆದರೆ ಒಂದು ಮಾತು ಹೇಳಲೇಬೇಕು. ಆ ಕೆಲಸ ನನಗೆ ಬಹಳ ಹಿಡಿಸಿತು. ಬೂದಿ ಬಣ್ಣದ ನೀರು ಇಳಿದು ಹೋದಂತೆ ಹಳೆಯ ಚಕ್ಕೆಗಳೆಲ್ಲ ಮಾಯವಾಗಿ, ಬೆರಳು ಎಲ್ಲೂ ತಡೆಯದೆ ಸಲೀಸಾಗಿ ಜಾರತೊಡಗಿತು. ಮೆಲ್ಲಗೆ ಹಾಡೂ ಬಂತು. ಪ್ರೈಮರ್ ಹೊಡೆದು ಒಣಗಿಸಿ, ಮಧ್ಯಾಹ್ನ ಇನ್ನೊಂದು 'ಸ್ನಾನ' ಮಾಡಿದೆ. ಸಂಜೆ ಹಿತ್ತಲಲ್ಲಿ ಬಟ್ಟೆ ಒಣಹಾಕುವ ತಂತಿಗೆ ಗ್ರಿಲ್ಲನ್ನು ನೇತುಹಾಕಿ, ತೆಳುವಾಗಿ ಮೂರು ಸಲ ಕಪ್ಪು ಬಣ್ಣ ಹೊಡೆದೆ. ಸುಕ್ಕುಗಟ್ಟಿದ ಬೆರಳುಗಳನ್ನು ದಿನವಿಡೀ ಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಭಾನುವಾರ ಗ್ರಿಲ್ ಕಾರಿನ ಮುಖದ ಮೇಲೆ ಫಳಫಳ ಹೊಳೆಯಿತು. "ನಮ್ಮ ಕಾರೇನಾ ಇದು!" ಎಂದು ಹೆಂಡತಿ ಅದರ ಸುತ್ತ ಎರಡು ಸಲ ತಿರುಗಿದಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಭಾವಮೈದುನ ಬಂದ. ಬಗ್ಗಿದ. ಒಂದೊಂದು ಪಟ್ಟಿಯ ಮೇಲೂ ಬೆರಳಾಡಿಸಿದ.

"ನಿಜ ಹೇಳಿ ಭಾವ. ಯಾವ ಗ್ಯಾರೇಜು?"

"ನಾನೇ ಮಾಡಿದ್ದು."

"ಸುಮ್ನಿರಿ! ಇಷ್ಟು ನುಣುಪು ಬರಬೇಕಾದ್ರೆ ಗಂಟೆಗಟ್ಟಲೆ ನೀರಲ್ಲಿ ಉಜ್ಜಬೇಕು. ನಿಮಗೆಲ್ಲಿ ನೀರು ಆಗುತ್ತೆ?"

"ಹೌದು ಕಣೋ," ಎಂದಳು ಹೆಂಡತಿ, ಕನಿಕರದಿಂದ. "ಪಾಪ, ಅವರ ಕೈಲಾಗಲ್ಲ. ಉಜ್ಜೋದನ್ನ ಎಲ್ಲೋ ಕೊಟ್ಟು ಮಾಡಿಸಿರ್ತಾರೆ ಬಿಡು."

ಬುದ್ಧಿವಂತನಾಗಿದ್ದರೆ ಸುಮ್ಮನೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದೆ. ಆದರೆ ಭಾವಮೈದುನ ಮುಸಿಮುಸಿ ನಕ್ಕ. ನನ್ನ ಕಿವಿ ಬಿಸಿಯಾಯಿತು.

"ಎಲ್ಲೋ ಕೊಟ್ಟು ಮಾಡಿಸಿದ್ನಾ?" ಎಂದು ಅಬ್ಬರಿಸಿದೆ. "ನಾಲ್ಕು ಗಂಟೆ ಕಣೋ! ನಾಲ್ಕು ಗಂಟೆ ಈ ಎರಡೂ ಕೈ ನೀರಲ್ಲೇ ಇತ್ತು! ಒಂದೇ ಒಂದು ಸಲಾನೂ ತುರಿಕೆ ಬರಲಿಲ್ಲ!"

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ನನಗೂ ಆಯಿತು.

ಹೆಂಡತಿ ನನ್ನ ಎರಡೂ ಕೈ ಹಿಡಿದು, ಮುಂದೆ ಹಿಂದೆ ತಿರುಗಿಸಿ ನೋಡಿದಳು. ಸಿಡಿಲು ಬೀಳುತ್ತದೆಂದು ಕಣ್ಣು ಮುಚ್ಚಿಕೊಂಡೆ. ಅವಳು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಫೋನ್ ತೆಗೆದು ಸ್ಪೀಕರ್ ಹಾಕಿ ನನ್ನ ಅಮ್ಮನಿಗೆ ಕರೆ ಮಾಡಿದಳು.

"ಅತ್ತೆ, ಒಳ್ಳೇ ಸುದ್ದಿ! ನಿಮ್ಮ ಮಗನ ನೀರಿನ ತುರಿಕೆ ಪೂರ್ತಿ ವಾಸಿಯಾಯ್ತು. ನಿನ್ನೆ ನಾಲ್ಕು ಗಂಟೆ ನೀರಲ್ಲಿ ಕಾರಿನ ಗ್ರಿಲ್ ಉಜ್ಜಿದ್ದಾರೆ."

"ವಾಸಿಯಾಗೋದು ಹೇಗಮ್ಮಾ?" ಎಂದರು ಅಮ್ಮ. "ಅದು ವಂಶದಿಂದ ಬಂದದ್ದು. ನಿನ್ನ ಮಾವನಿಗೂ ನಲವತ್ತು ವರ್ಷದಿಂದ ಇದೆಯಲ್ಲ. ಪಾಪ, ಒಂದು ಲೋಟ ತೊಳೆಯೋಕೂ..."

ಮಾತು ಅಲ್ಲೇ ನಿಂತಿತು. ಆ ಕಡೆ ಅಮ್ಮ ಯೋಚಿಸುತ್ತಿರುವುದು ನಮಗೆ ಇಲ್ಲಿಗೇ ಕೇಳಿಸಿದಂತಾಯಿತು.

"ರೀ," ಎಂದು ಅಮ್ಮ ಕೂಗಿದರು, "ಪೇಪರ್ ಕೆಳಗಿಟ್ಟು ಸ್ವಲ್ಪ ಇಲ್ಲಿ ಬನ್ನಿ."

ಅರ್ಧ ಗಂಟೆಯ ನಂತರ ನಾನು ಅಂಗಿಯ ತೋಳು ಮಡಚಿಕೊಂಡು ಸಿಂಕಿನ ಮುಂದಿದ್ದಾಗ ಫೋನ್ ಬಂತು. ಕೈ ಒದ್ದೆಯಾಗಿದ್ದರಿಂದ ಹೆಂಡತಿಯೇ ಅದನ್ನು ನನ್ನ ಕಿವಿಗೆ ಹಿಡಿದಳು. ಅಪ್ಪನ ದನಿ. ಹಿಂದೆ ನಲ್ಲಿ ಸುರಿಯುವ ಸದ್ದು.

"ನಲವತ್ತು ವರ್ಷ ಕಾಪಾಡ್ಕೊಂಡು ಬಂದಿದ್ನಲ್ಲೋ," ಎಂದರು ಅಪ್ಪ, "ಒಂದು ಗ್ರಿಲ್ಲಿಗೋಸ್ಕರ ಕಳೆದುಬಿಟ್ಟೆಯಲ್ಲೋ!"