ಸತ್ಯ ಹೇಳಿಸುವ ಗಾಜಿನ ಕಡ್ಡಿ

ಆಸ್ಪತ್ರೆಯ ಗೋಡೆಗೆ ಗುಡಿಯ ಗೋಡೆ ಅಂಟಿಕೊಂಡಿದ್ದರೆ ದಿನಕ್ಕೊಂದು ತಮಾಷೆ ತಪ್ಪಿದ್ದಲ್ಲ. ಮಹಾರಾಜರ ಸರ್ಕಾರ ನನ್ನನ್ನು ಹಿರಿಯೂರು ಸೀಮೆಯ ಅಂಥದೊಂದು ಸಣ್ಣ ಆಸ್ಪತ್ರೆಗೆ ಕಾಂಪೌಂಡರ್ ಮಾಡಿ ಕಳಿಸಿತ್ತು. ಮನುಷ್ಯ ನೆಟ್ಟಗೆ ನಡೆಯಬೇಕಾದರೆ ವಿಜ್ಞಾನ ಬೇಕು ಎಂದು ಮೈಸೂರಿನಿಂದ ಬಂದ ನಮ್ಮ ಡಾಕ್ಟರು. ದೇವರ ಭಯ ಬೇಕು ಎಂದು ಗುಡಿಯ ಅಯ್ಯನವರು. ಇವರ ವಾದ ಮುಗಿಯುವವರೆಗೆ ರೋಗಿಗಳು ಜಗುಲಿಯಲ್ಲಿ ಕಾಯಬೇಕು. ಕೆಲವರು ಅಷ್ಟರಲ್ಲಿ ವಾಸಿಯಾಗಿ ಮನೆಗೆ ಹೋದದ್ದೂ ಉಂಟು.

೧. ಎಮ್ಮೆ ಕುಡಿದ ಔಷಧ

ಜವನಗೊಂಡನಹಳ್ಳಿಯ ರೈತನೊಬ್ಬನಿಗೆ ಜ್ವರಕ್ಕೆ ಮೂರು ದಿನದ ಔಷಧ ಕೊಟ್ಟಿದ್ದೆವು. ನಾಲ್ಕನೆಯ ದಿನ ಡಾಕ್ಟರು ಅವನ ಬಾಯಲ್ಲಿ ಥರ್ಮಾಮೀಟರ್ ಇಟ್ಟು, "ಔಷಧ ಪೂರ್ತಿ ಕುಡಿದೆಯೇನಪ್ಪ?" ಎಂದರು. ಹೂಂ ಎಂದು ತಲೆಯಾಡಿಸಿದ. ಡಾಕ್ಟರು ಆ ಗಾಜಿನ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಸುಳ್ಳು" ಎಂದರು. ಜ್ವರ ಇಳಿದಿರಲಿಲ್ಲ, ಅಷ್ಟೆ. ರೈತ ಕಾಲಿಗೇ ಬಿದ್ದ.

"ತಪ್ಪಾತು ಸ್ವಾಮಿ. ಕಹಿ ಐತೆ ಅಂತ ಎಮ್ಮೆಗೆ ಕುಡಿಸ್ದೆ."

"ಎಮ್ಮೆ ಹೇಗಿದೆ?" ಎಂದೆ ನಾನು.

"ಚೆನ್ನಾಗೈತೆ. ಆದ್ರೆ ನನ್ ಕಂಡ್ರೆ ಓಡೋಗ್ತೈತೆ."

೨. ಗಂಡನ ಕಾಯಿಲೆ

ಕಡ್ಡಿ ಬಾಯಲ್ಲಿಟ್ಟರೆ ಸುಳ್ಳು ಸಿಕ್ಕಿಬೀಳುತ್ತದೆಂದು ಸುತ್ತಲ ಹಳ್ಳಿಗಳಲ್ಲಿ ಸುದ್ದಿಯಾಯಿತು. ಯಲ್ಲದಕೆರೆಯ ಹೆಂಗಸೊಬ್ಬಳು ಗಟ್ಟಿಮುಟ್ಟಾದ ಗಂಡನನ್ನು ಎಳೆದು ತಂದಳು.

"ಏನಮ್ಮ ಕಾಯಿಲೆ?"

"ಕಾಯ್ಲೆ ಏನಿಲ್ರಿ. ನೀವು ಕಡ್ಡಿ ಇಡ್ರಿ, ಕೇಳೋದು ನಾ ಕೇಳ್ಕಂತೀನಿ."

ನಾನಿನ್ನೂ ಕಡ್ಡಿ ಒರೆಸುತ್ತಿದ್ದೆ. ಗಂಡ ಬೆವರಿ, "ನಿನ್ ಬೆಳ್ಳಿ ಕಡಗ ಮಾರಿದ್ದು ನಾನೇ ಕಣೆ" ಎಂದುಬಿಟ್ಟ.

ಆಕೆ ನನ್ನ ಕಡೆ ತಿರುಗಿ ಹೇಳಿದಳು: "ನಾ ಕೇಳಾಕೆ ಬಂದಿದ್ದು ಅದಲ್ರಿ. ಇಡ್ರಿ ಕಡ್ಡಿ."

೩. ತೆಂಗಿನಕಾಯಿ

ಕಡ್ಡಿಯ ಸುದ್ದಿ ಹಬ್ಬಿದ ಮೇಲೆ, ಸುಳ್ಳಾಡಿದರೆ ಮನೆಗೇ ಕೇಡು ಎಂದು ಗುಡಿಯಲ್ಲಿ ಉರಿಯುವ ಕರ್ಪೂರ ಆರಿಸಿ ಪ್ರಮಾಣ ಮಾಡುವವರು ಕಡಿಮೆಯಾದರು. ಡಾಕ್ಟರು ಮೀಸೆ ತಿರುವಿ, "ನೋಡಿದಿರಾ ಅಯ್ಯನವರೇ, ಮೂಢನಂಬಿಕೆ ಬಿಡಿಸಿ ವಿಜ್ಞಾನ ಊರನ್ನೇ ತಿದ್ದಿತು" ಎಂದರು. ಆಸ್ಪತ್ರೆಯ ಒಳಗೆ ಹೋಗಿ ನೋಡಿದರೆ ಥರ್ಮಾಮೀಟರಿನ ಡಬ್ಬಿಗೆ ಯಾರೋ ವಿಭೂತಿ ಬಳಿದು, ಮುಂದೆ ಕಾಯಿ ಒಡೆದಿದ್ದರು. ಡಾಕ್ಟರು ಕೆಂಡವಾದರು. "ಮೊದಲು ಆ ವಿಭೂತಿ ಒರೆಸಿ" ಎಂದು ನನ್ನ ಮೇಲೆ ಹಾರಾಡಿದರು. ಆಮೇಲೆ ದನಿ ತಗ್ಗಿಸಿ, "ಕಾಯಿ ನಮ್ಮ ಮನೆಗೆ ಕಳಿಸಿ" ಎಂದರು.

೪. ತುಪ್ಪದ ಗಡಿಗೆ

ಕುರಿ ಕಾಯುವ ಮನೆಯ ಮುದುಕಿಯೊಬ್ಬಳು ಹೊಸದುರ್ಗದಲ್ಲಿದ್ದ ಬಾಣಂತಿ ಮಗಳಿಗೆಂದು ತುಪ್ಪ ಒಯ್ಯುತ್ತಿದ್ದಳು. ಎರಡು ತಿಂಗಳು ತಾನು ಬಾಯಿಗೆ ಹಾಕದೆ ಕೂಡಿಸಿದ್ದ ತುಪ್ಪ. ಬಂಡಿ ವಿಚಾರಿಸಿ ಬರುತ್ತೇನೆಂದು ಗಡಿಗೆಯನ್ನು ನಮ್ಮ ಜಗುಲಿಯಲ್ಲಿಟ್ಟು ಹೋದಳು. ನಾನು ಊಟಕ್ಕೆ ಹೋಗಿದ್ದೆ. ನಾವಿಬ್ಬರೂ ತಿರುಗಿ ಬರುವಷ್ಟರಲ್ಲಿ ಗಡಿಗೆ ಮಾಯ. ಅಲ್ಲಿದ್ದವರು ಡಾಕ್ಟರು, ಅಯ್ಯನವರು ಇಬ್ಬರೇ.

ಮುದುಕಿ ಅಳಲಿಲ್ಲ. "ಮಗೀಗೆ ಹಾಲು ಸಾಲ್ದು ಅಂತ ಹೇಳಿಕಳ್ಸವ್ಳೆ" ಎಂದಳು, ಅಷ್ಟೆ.

ಜನ ಸೇರಿದರು. ಅಯ್ಯನವರು ಮುಂದೆ ಬಂದು, "ನಂದೇನೈತೆ, ಈಗ್ಲೇ ಕರ್ಪೂರ ಆರಿಸ್ತೀನಿ" ಎಂದರು. ಡಾಕ್ಟರೂ ಹಿಂದೆ ಬೀಳಲಿಲ್ಲ: "ನಾನು ಥರ್ಮಾಮೀಟರ್ ಇಟ್ಟುಕೊಳ್ಳುತ್ತೇನೆ, ಎಲ್ಲರೂ ನೋಡಿ."

ಮುದುಕಿ ಇಬ್ಬರ ಮುಖವನ್ನೂ ನೋಡಿದಳು. "ದಿನಾ ಮುಟ್ಟೋದು ನಿಮಗೆ ರೂಢಿ ಆಗೈತೆ, ಭಯ ಇಲ್ಲ. ಅಯ್ನೋರು ಕಡ್ಡಿ ಇಟ್ಕಳ್ಲಿ, ಡಾಕ್ಟ್ರು ಕರ್ಪೂರ ಆರಿಸ್ಲಿ."

ಊರವರೆಲ್ಲ ಚೀಪಿದ ಕಡ್ಡಿಯಿಂದ ಮಡಿ ಕೆಡುತ್ತದೆ ಎಂದರು ಅಯ್ಯನವರು. ಮೂರು ವರ್ಷದಿಂದ ದೇವರಿಲ್ಲ ಎಂದು ವಾದಿಸುತ್ತಿದ್ದ ಡಾಕ್ಟರಿಗೆ, ಮನೆಯಲ್ಲಿ ಹೆಂಡತಿ ಬಸುರಿ ಎಂಬುದು ಆಗ ನೆನಪಾಯಿತು. ಇಂಥ ಹೊತ್ತಿನಲ್ಲಿ ಪ್ರಮಾಣ ಮಾಡುವ ಪದ್ಧತಿ ತಮ್ಮ ಮನೆತನದಲ್ಲಿ ಇಲ್ಲವಂತೆ.

ಮರುದಿನ ಬೆಳಿಗ್ಗೆ ನಾನು ಆಸ್ಪತ್ರೆಯ ಬಾಗಿಲು ತೆಗೆದರೆ ಜಗುಲಿಯಲ್ಲಿ ಎರಡು ಗಡಿಗೆ. ಹಂಚಿಕೊಂಡವರಲ್ಲಿ ಒಬ್ಬರು ಕತ್ತಲಲ್ಲಿ ತಂದಿಟ್ಟದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎರಡೂ ಕಂಠದವರೆಗೆ ತುಂಬಿದ್ದವು.

ರಾತ್ರಿ ಊರಲ್ಲೇ ಉಳಿದಿದ್ದ ಮುದುಕಿ ಎರಡನ್ನೂ ಬಂಡಿಯಲ್ಲಿ ಜೋಪಾನವಾಗಿ ಇರಿಸಿ, ಹತ್ತಿ ಕೂತು ನನಗೆ ಹೇಳಿದಳು: "ಕಾಂಪೌಂಡ್ರಪ್ಪ, ಅವ್ರಿಬ್ರಿಗೂ ತಿಳಿಸ್ಬಿಡು. ಮುಂದಿನ ತಿಂಗ್ಳು ಕಿರಿ ಮಗಳ ಬಾಣಂತನ ಐತೆ. ಆವಾಗ್ಲೂ ಗಡಿಗೆ ಇಲ್ಲೇ ಇಟ್ಟು ಹೋಗ್ತೀನಿ."