ಕಿವಿ ಮರುಳಪ್ಪನ ಕಛೇರಿ

ಮೂರು ತೆಂಗಿನಕಾಯಿ ಹಸಿಯಾಗಿದ್ದದ್ದೇ ನೆಪವಾಯಿತು.

ತಿಪಟೂರಿನಿಂದ ನೊಣವಿನಕೆರೆಗೆ ಹೋಗುವ ರಸ್ತೆಯಲ್ಲಿ ಪರಮಶಿವಯ್ಯನವರ ತೋಟದ ಮನೆ. ಅದರ ಅಟ್ಟದ ಮೇಲೆ ಇಪ್ಪತ್ತು ಸಾವಿರ ಕಾಯಿ ವರ್ಷವಿಡೀ ಒಣಗುತ್ತ ಮಲಗಿರುತ್ತವೆ. ಒಳಗಿನ ನೀರು ಪೂರ್ತಿ ಇಂಗಿ, ತಿರುಳು ಚಿಪ್ಪು ಬಿಟ್ಟರೆ ಅದು ಉಂಡೆ ಕೊಬ್ಬರಿ. ಅವಸರಪಟ್ಟು ಒಂದು ತಿಂಗಳು ಮೊದಲೇ ಒಡೆದರೆ ಅತ್ತ ಚಟ್ನಿಗೂ ಆಗದು, ಇತ್ತ ಮಂಡಿಗೂ ಸಲ್ಲದು. ಯಾವುದು ಆಗಿದೆ, ಯಾವುದು ಆಗಿಲ್ಲ ಎಂದು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಹೇಳುವವನು ಮರುಳಪ್ಪ. ಇಪ್ಪತ್ತೆಂಟು ವರ್ಷದಿಂದ ಅವನಿಗೆ ಅದೇ ಕೆಲಸ. ಊರಿನವರ ಬಾಯಲ್ಲಿ ಅವನು ಕಿವಿ ಮರುಳಪ್ಪ.

ಹೋದ ವಾರ ಅವನು ಆಗಿದೆ ಎಂದ ರಾಶಿಯಲ್ಲಿ ಮೂರು ಹಸಿ ಕಾಯಿ ಬಂದವು. "ಕಿವಿಗೂ ವಯಸ್ಸಾಯ್ತೇನೋ ಕಣಪ್ಪ," ಎಂದು ಪರಮಶಿವಯ್ಯನವರು ಮೆಲ್ಲಗೆ ಅಂದರು. ಅವರ ಬಾಮೈದ ಕಲ್ಲೇಶ್ ಅದನ್ನೇ ಜೋರಾಗಿ ಅಂದ. ಬಿ.ಕಾಂ. ಮುಗಿಸಿ ಮೂರು ವರ್ಷದಿಂದ ಅಕ್ಕನ ಮನೆಯಲ್ಲಿ ಉಂಡಾಡಿಕೊಂಡಿದ್ದ ಅವನಿಗೆ ಮರುಳಪ್ಪನ ಜಾಗದ ಮೇಲೆ ಕಣ್ಣಿತ್ತು. ಸೋಮವಾರ ತೀರ್ಮಾನ ಹೇಳುವುದಾಗಿ ಯಜಮಾನರು ಅಂದಿದ್ದರು.

ಅದರ ಹಿಂದಿನ ದಿನ, ಭಾನುವಾರ, ಊರಿನ ಮೈದಾನದಲ್ಲಿ ಅಂತಾರಾಷ್ಟ್ರೀಯ ಸಂಗೀತೋತ್ಸವ. ಎರಡು ಸಾವಿರದ ಮೂರನೇ ಇಸವಿ. ತಿಪಟೂರಿಗೆ ಇಂಥದ್ದು ಹೊಸದು. ಪರಮಶಿವಯ್ಯನವರು ಅಧ್ಯಕ್ಷರು, ಕಲ್ಲೇಶ್ ಕಾರ್ಯದರ್ಶಿ, ಪ್ರವೇಶ ಉಚಿತ. ಕ್ಯೂಬಾದಿಂದ ಬಂದ ರಾಮಿರೋ ಎಂಬ ವಾದ್ಯಗಾರನನ್ನು ಅಧ್ಯಕ್ಷರು ತಮ್ಮ ಮನೆಯಲ್ಲೇ ಇಳಿಸಿಕೊಂಡಿದ್ದರು. ಬೀಜ ತುಂಬಿದ ಎರಡು ಸೋರೆಬುರುಡೆಗಳನ್ನು ಅಲ್ಲಾಡಿಸಿಕೊಂಡೇ ದೇಶದೇಶ ಸುತ್ತಿದ ಆಸಾಮಿ ಅವನು. ಬೆಳಗ್ಗೆ ಹಲ್ಲುಜ್ಜುವಾಗ ಅಟ್ಟದ ಸದ್ದು ಕೇಳಿ, ಬ್ರಷ್ ಬಾಯಲ್ಲಿಟ್ಟುಕೊಂಡೇ ಏಣಿ ಹತ್ತಿದ. ಅರ್ಧ ಗಂಟೆ ಮರುಳಪ್ಪನ ಕೈಯನ್ನೇ ನೋಡಿ, ಕೆಳಗಿಳಿದು, ಸಂಜೆ ಈ ಮನುಷ್ಯ ನನ್ನ ಜೊತೆ ನುಡಿಸಲೇಬೇಕು ಎಂದು ಪಟ್ಟು ಹಿಡಿದ.

"ನಾನು ಅಲ್ಲಾಡ್ಸೋದು ನನ್ಗೆ ಕೇಳಕ್ಕೆ. ಊರಿಗೆ ಕೇಳ್ಸಕ್ಕಲ್ಲ," ಎಂದ ಮರುಳಪ್ಪ.

"ಸುಮ್ಕೆ ಅವ್ನ ತಾಳಕ್ಕೆ ಅಲ್ಲಾಡ್ಸು, ಸಾಕು. ಯಾವ ಕಾಯಾದ್ರೇನು?" ಎಂದ ಕಲ್ಲೇಶ್. "ನಾನೇ ನಲವತ್ತು ಕಾಯಿ ಆರಿಸಿ ಚೀಲ ಕಟ್ಟಿದೀನಿ. ಎಲ್ಲಾ ಆಗಿರೋವೇ."

"ನೀನು ಆರ್ಸಿರೋವಾ?"

"ಹೂಂ. ಯಾಕೆ?"

"ಹಂಗಾದ್ರೆ ಬತ್ತೀನಿ," ಎಂದ ಮರುಳಪ್ಪ. ಇಪ್ಪತ್ತೆಂಟು ವರ್ಷದ ಕಿವಿಗೆ ಬಂದ ಕೆಟ್ಟ ಹೆಸರನ್ನು ಇಡೀ ಊರಿನ ಮುಂದೆಯೇ ಕಳೆದುಕೊಳ್ಳಬೇಕೆಂದು ಅವನು ಆಗಲೇ ನಿಶ್ಚಯಿಸಿದ್ದ.

ಪಕ್ಕದ ಮನೆಯ ದರ್ಜಿ ಬುಡನ್ ಸಾಬ್‌ಗೆ ಸುದ್ದಿ ಮುಟ್ಟಿದ್ದೇ ತಡ, ಓಡಿ ಬಂದ. "ಈ ಬನೀನಲ್ಲಿ ಸ್ಟೇಜ್ ಹತ್ತೀಯೇನಪ್ಪಾ? ಕ್ಯೂಬಾದೋರು ನಮ್ಮೂರ್ನಾಗೆ ದರ್ಜಿಗಳೇ ಇಲ್ಲ ಅಂದ್ಕೊಂಡಾರು," ಎಂದು, ಮುರಿದುಬಿದ್ದ ಮದುವೆಯೊಂದರ ಜರಿ ಜುಬ್ಬಾ ತಂದು ತೊಡಿಸಿದ. ಮದುಮಗ ಆರಡಿ ಆಳು. ತೋಳು ಮರುಳಪ್ಪನ ಬೆರಳು ದಾಟಿ ಜೋತುಬಿತ್ತು.

ಹೆಂಡತಿ ತಿಮ್ಮಕ್ಕ ಮಾತ್ರ ಬಾಗಿಲಲ್ಲೇ ತಡೆದಳು. "ಏನಾರ ಎಡವಟ್ಟು ಮಾಡ್ಕಂಡು ಬರ್ಬೇಡ್ರಿ. ನಾಳೆ ಕೆಲ್ಸ ಉಳೀಬೇಕು."

"ಉಳ್ಸಕ್ಕೇ ಹೋಯ್ತಿರೋದು ಕಣೇ."

ಸಂಜೆ ಮೈದಾನ ಕಿಕ್ಕಿರಿದಿತ್ತು. ದಬ್ಬೇಘಟ್ಟದಿಂದ, ಚಿಕ್ಕನಾಯಕನಹಳ್ಳಿಯಿಂದ ತೋಟದವರು ಬಸ್ಸು ತುಂಬಿಕೊಂಡು ಬಂದಿದ್ದರು. ಬಿಟ್ಟಿ ಸಿಗುವ ಸಂಗೀತವನ್ನು ಬೇಡವೆನ್ನುವ ಜನ ನಮ್ಮವರಲ್ಲ. ಬೀರುವಿನಷ್ಟು ಎತ್ತರದ ಸ್ಪೀಕರಿನ ಪಕ್ಕ ಮರುಳಪ್ಪನ ಕುರ್ಚಿ ಹಾಕಿ, ಅವನ ಕೊರಳಪಟ್ಟಿಗೆ ಪುಟ್ಟ ಮೈಕು ಸಿಕ್ಕಿಸಿದರು.

ರಾಮಿರೋ ಬುರುಡೆ ಅಲ್ಲಾಡಿಸಿ ನಿಲ್ಲಿಸಿ, ಇನ್ನು ನಿನ್ನದು ಎಂಬಂತೆ ಕೈ ತೋರಿದ. ಮರುಳಪ್ಪ ಕಲ್ಲೇಶನ ಚೀಲದಿಂದ ಒಂದು ಕಾಯಿ ಎತ್ತಿ ಅಲ್ಲಾಡಿಸಿದ. ಕೇಳಿದ್ದು ಕಾಯಿಯ ಸದ್ದಲ್ಲ, ಜರಿ ತೋಳಿನ ಸರಸರ. ಮತ್ತೆ ಅಲ್ಲಾಡಿಸಿದ, ಮತ್ತೆ ಸರಸರ. ಕಾಯಿ ಕೆಳಗಿಟ್ಟು ಬಲದೋಳನ್ನು ಹಿಡಿದು ಪರ್ರನೆ ಹರಿದುಹಾಕಿದ. ಜನ ಕೇಕೆ ಹಾಕಿದರು. ಮುಂದಿನ ಸಾಲಿನಲ್ಲಿದ್ದ ಬುಡನ್ ಸಾಬ್ ಕಣ್ಣು ಮುಚ್ಚಿಕೊಂಡ.

ಮರುಳಪ್ಪ ಕಾಯಿಯನ್ನು ಮತ್ತೆ ಕಿವಿಗೆ ಹಿಡಿದು ಅಲ್ಲಾಡಿಸಿ, "ಆಗಿಲ್ಲ," ಎಂದು ಎಡಕ್ಕೆ ಎಸೆದ. ಮೈಕು ಅದನ್ನು ಮೈದಾನದ ಕೊನೆಯವರೆಗೂ ಮುಟ್ಟಿಸಿತು.

ರಾಮಿರೋ ಮತ್ತೆ ಬುರುಡೆಯಲ್ಲಿ ಪ್ರಶ್ನೆ ಕೇಳಿದ. ಮರುಳಪ್ಪ ಎರಡನೇ ಕಾಯಿ ಎತ್ತಿದ. "ಇದೂ ಆಗಿಲ್ಲ." ಮೂರನೆಯದು, "ಆಗೈತೆ." ನಾಲ್ಕನೆಯದು, "ಆಗಿಲ್ಲ."

ಕಲ್ಲೇಶ್ ಪರದೆಯ ಮರೆಯಿಂದ ಬೇಡ ಬೇಡ ಎಂದು ಕೈ ಆಡಿಸಿದ. ಮರುಳಪ್ಪ ಅವನತ್ತ ತಿರುಗಿಯೂ ನೋಡಲಿಲ್ಲ.

"ಒಡ್ದು ತೋರ್ಸಪ್ಪ, ನಂಬ್ತೀವಿ," ಎಂದು ಚಿಕ್ಕನಾಯಕನಹಳ್ಳಿ ಕಡೆಯ ಗಿಡ್ಡಯ್ಯ ಎದ್ದು ನಿಂತ. ಅವನದೂ ಎಂಟು ಎಕರೆ ತೋಟ. ಒಡೆದರು, ವೇದಿಕೆಯ ಮೇಲೆ ನೀರು ಹರಿಯಿತು. ಇನ್ನೊಂದು ಒಡೆದರು, ಮತ್ತೆ ನೀರು. ಆಮೇಲೆ ಜನರನ್ನು ಹಿಡಿಯುವವರೇ ಇರಲಿಲ್ಲ. ರಾಮಿರೋ ಕೇಳುವುದು, ಮರುಳಪ್ಪ ಅಲ್ಲಾಡಿಸುವುದು, ಎರಡು ಸಾವಿರ ಜನ ಉಸಿರು ಬಿಗಿಹಿಡಿಯುವುದು, ಮರುಳಪ್ಪ ತೀರ್ಪು ಕೊಟ್ಟೊಡನೆ ಎಲ್ಲರೂ "ಆಗಿಲ್ಲ, ಆಗಿಲ್ಲ" ಎಂದು ಚಪ್ಪಾಳೆಯಲ್ಲಿ ತಾಳ ಹಾಕುವುದು. ನಲವತ್ತರಲ್ಲಿ ಮೂವತ್ತೊಂದು ಆಗಿರಲಿಲ್ಲ. ಕೊನೆಗೆ ರಾಮಿರೋ ತನ್ನ ಬುರುಡೆಯನ್ನೇ ಚಾಚಿದ. ಮರುಳಪ್ಪ ಅದನ್ನೂ ಗಂಭೀರವಾಗಿ ಕಿವಿಗೆ ಹಿಡಿದು, "ಆಗೈತೆ" ಎಂದ. ರಾಮಿರೋ ಅವನನ್ನು ಎತ್ತಿ ತಬ್ಬಿಕೊಂಡ.

ಅದೇ ಗಳಿಗೆಯಲ್ಲಿ ಕ್ಯೂಬಾದ ಆರು ಡೋಲಿನವರೂ ವೇದಿಕೆಗೆ ನುಗ್ಗಿದರು. ಸ್ಪೀಕರ್ ಕಾಲು ಗಂಟೆ ಮರುಳಪ್ಪನ ತಲೆಯೊಳಗೇ ಗುಡುಗಿತು. ಅದು ನಿಂತಾಗ ಅವನ ಕಿವಿಯಲ್ಲಿ ಗುಂಯ್ ಎಂಬುದೊಂದು ಬಿಟ್ಟು ಬೇರೇನೂ ಉಳಿದಿರಲಿಲ್ಲ. ಜನರ ಬಾಯಿ ಆಡುತ್ತಿತ್ತು, ಸದ್ದಿಲ್ಲ.

ಆಗ ಪರಮಶಿವಯ್ಯನವರು ವೇದಿಕೆ ಹತ್ತಿ ನೇರವಾಗಿ ಅವನ ಎದುರಿಗೆ ಬಂದರು. ಮುಖ ಕೆಂಪಾಗಿತ್ತು. ಏನೇನೋ ಹೇಳುತ್ತ, ಕಲ್ಲೇಶನತ್ತ ಬೆರಳು ತೋರಿಸಿ, ಅಟ್ಟದ ಬೀಗದಕೈ ಜೇಬಿನಿಂದ ತೆಗೆದು ಮರುಳಪ್ಪನ ಮೂಗಿನ ಮುಂದೆ ಹಿಡಿದರು. ಮರುಳಪ್ಪನಿಗೆ ಎಲ್ಲವೂ ಅರ್ಥವಾಯಿತು. ಬಾಮೈದನ ಮಾನ ಕಳೆದೆ, ಇನ್ನು ಈ ಬೀಗ ನಿನಗೆ ತೆರೆಯುವುದಿಲ್ಲ ಎನ್ನುತ್ತಿದ್ದಾರೆ. ಗೆದ್ದ ಮೇಲೂ ಕಳಿಸುತ್ತಾರೆಂದರೆ ಇನ್ಯಾತಕ್ಕೆ ಹೆದರಬೇಕು?

"ಯಜಮಾನ್ರೇ, ನೀವು ಬುಡ್ಸಕ್ಕೆ ಮುಂಚೆ ನಾನೇ ಬುಟ್ಟೆ," ಎಂದ. ಬೀಗದಕೈಯನ್ನು ಪಕ್ಕಕ್ಕೆ ತಳ್ಳಿದ. "ಇಪ್ಪತ್ತೆಂಟು ವರ್ಷ ನಿಮ್ಮ ಅಟ್ಟದ ಧೂಳು ಕುಡ್ದಿವ್ನಿ. ನನ್ ಕಿವಿ ಯಾರಪ್ಪನ ಮನೆ ಆಸ್ತೀನೂ ಅಲ್ಲ. ಈ ಬೀಗದಕೈ ನಿಮ್ಮ ಬಾಮೈದನ ಸೊಂಟಕ್ಕೇ ಕಟ್ಟಿ. ನಾಳಿಂದ ಕೈಕಾಲು ಹಿಡುದ್ರೂ ನಾನು ಬರಕಿಲ್ಲ."

ಕೊರಳಪಟ್ಟಿಯ ಮೈಕು ಇದನ್ನೂ ಮೈದಾನದ ಕೊನೆಯವರೆಗೆ ಮುಟ್ಟಿಸಿತು. ಜನ ಇದೂ ಕಾರ್ಯಕ್ರಮದ ಭಾಗವೆಂದು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರಮಶಿವಯ್ಯನವರು ಬೀಗದಕೈ ಜೇಬಿಗೆ ಹಾಕಿಕೊಂಡು ಇಳಿದು ಹೋದರು. ಮರುಳಪ್ಪ ಒಂಟಿ ತೋಳಿನ ಜುಬ್ಬಾದಲ್ಲಿ ತಲೆಯೆತ್ತಿ ಮನೆಯ ದಾರಿ ಹಿಡಿದ. ಹಿಂದೆಯೇ, ಜನರ ನಡುವಿನಿಂದ ಎದ್ದು ಬಂದ ತಿಮ್ಮಕ್ಕ.

ಬಸ್ ಸ್ಟ್ಯಾಂಡು ದಾಟುವ ಹೊತ್ತಿಗೆ ಟಪ್ಪೆಂದು ಕಿವಿ ಬಿಟ್ಟಿತು. ಮೊದಲು ಕೇಳಿದ್ದು ತಿಮ್ಮಕ್ಕನ ಅಳು.

"ನಿಮ್ಗೇನು ಬಂದಿತ್ತು ಕೇಡು? ಯಜಮಾನ್ರು ಹೇಳಿದ್ದು ನಿಮ್ ಕತ್ತಿನ ಮೈಕಲ್ಲಿ ಊರಿಗೇ ಕೇಳುಸ್ತು. ತಪ್ಪಾಯ್ತು ಕಣಪ್ಪ, ಕಲ್ಲೇಶನ್ನ ಇನ್ನು ಏಣಿ ಮುಟ್ಟಕ್ಕೂ ಬುಡಲ್ಲ, ಬೀಗದಕೈ ಸಾಯೋಗಂಟ ನಿನ್ ಹತ್ರಾನೇ ಇರ್ಲಿ ಅಂತ ಕೈಗೆ ಕೊಡಕ್ಕೆ ಬಂದ್ರೆ, ಹಂಗಾ ಅನ್ನೋದು? ಈಗ್ಲೇ ಹೋಗಿ ನಾಕು ಒಳ್ಳೇ ಮಾತಾಡ್ಬುಟ್ಟು ಬನ್ನಿ."

ಮರುಳಪ್ಪನ ಕಾಲು ನಿಂತಲ್ಲೇ ನಿಂತಿತು. ಒಂದು ಸಲ ಮೈದಾನದ ಕಡೆ ತಿರುಗಿ ನೋಡಿದ. ಚಪ್ಪಾಳೆ ಇನ್ನೂ ಕೇಳುತ್ತಿತ್ತು.

"ಏನಂದೆ? ಒಂದಕ್ಷರಾನೂ ಕೇಳುಸ್ತಿಲ್ಲ ಕಣೇ," ಎಂದು ಮನೆಯ ಕಡೆಗೆ ಬಿರಬಿರನೆ ಹೆಜ್ಜೆ ಹಾಕಿದ.